ಬಾಯಿ ಒಬ್ಬರದು, ಹಾಡು ಒಬ್ಬರದು

ಕಳೆದ ವರ್ಷ ದೀಪಾವಳಿ ಮುಗಿದ ಮರುವಾರ. ಶಾಲೆ ಬಿಟ್ಟ ಮೇಲೆ ನಾನು ಪ್ರಯೋಗಶಾಲೆಗೆ ಬೀಗ ಹಾಕುತ್ತಿದ್ದಾಗ ಒಂಬತ್ತನೆಯ ತರಗತಿಯ ಐದು ಮಕ್ಕಳು ಬಾಗಿಲ ಬಳಿ ಬಂದು ನಿಂತರು. ಮೂವರು ಹುಡುಗರು, ಇಬ್ಬರು ಹುಡುಗಿಯರು. ಮುಂದೆ ನಿಂತವನ ಕೈ ಅಂಗಿಯೊಳಗಿತ್ತು. ಶಾಲೆಗೆ ಮೊಬೈಲು ತರಕೂಡದೆಂಬ ನಿಯಮವನ್ನು ಪ್ರಾರ್ಥನೆಯ ವೇಳೆ ಓದಿ ಹೇಳಿದವನು ನಾನೇ. ಆದ್ದರಿಂದ ಅವನು ಅಣ್ಣನ ಮೊಬೈಲನ್ನು ಹೊರಗೆ ತೆಗೆಯುವ ಮೊದಲು ನನ್ನ ಮುಖ ನೋಡಿದ. ನಾನು ಆಚೀಚೆ ನೋಡಿ, ‘ತೆಗಿ’ ಎಂದೆ.

‘ಸಾರ್, ಬಾಯಿ ಒಂದು ಕಡೆ ಹೋಗ್ತದೆ, ಹಾಡು ಒಂದು ಕಡೆ ಹೋಗ್ತದೆ. ಎಷ್ಟು ಸಲ ಸರಿ ಮಾಡಿದ್ರೂ ಅಷ್ಟೇ. ನೀವೇ ನೋಡಿ.’

ವಿಷಯ ಇಷ್ಟು. ಶಾಲಾ ವಾರ್ಷಿಕೋತ್ಸವಕ್ಕೆಂದು ಈ ಗೆಳೆಯರ ಗುಂಪು ನಮ್ಮೂರ ಕೆರೆಯ ಮೇಲೆ ಒಂದು ಹಾಡು ಕಟ್ಟಿತ್ತು. ಅದಕ್ಕೆ ತಾವೇ ದೃಶ್ಯ ತೆಗೆದು ‘ಮ್ಯೂಸಿಕ್ ವೀಡಿಯೊ’ ಮಾಡಿ ತೋರಿಸಬೇಕೆಂಬುದು ಅವರ ಆಸೆ. ಮೊದಲಿಗೆ ಯಾವುದೋ ಸಿನಿಮಾ ಹಾಡನ್ನೇ ಹಾಕಿಕೊಂಡು ಕುಣಿಯುವ ಯೋಚನೆ ಇತ್ತಂತೆ. ಕೃತಿಸ್ವಾಮ್ಯದ ಪಾಠ ಹೇಳಿ ಅದನ್ನು ತಪ್ಪಿಸಿದವರು ಅವರ ಕನ್ನಡ ಟೀಚರು. ನಮ್ಮ ದೇಶದ 1957ರ ಕಾಯ್ದೆಯ ಪ್ರಕಾರ ಕವಿಯ ಹಕ್ಕು ಆತ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಕವಿತೆಗಳು 2007ರಿಂದ ಎಲ್ಲರ ಸ್ವತ್ತು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ದಾಸರ ಪದ, ವಚನ, ಜನಪದ ಗೀತೆ ಯಾರದೂ ಅಲ್ಲ, ಎಲ್ಲರದು. ಆದರೆ ಅದನ್ನು ಯಾರೋ ಹಾಡಿ ಮುದ್ರಿಸಿದ ಧ್ವನಿಗೆ ಪ್ರತ್ಯೇಕ ಹಕ್ಕಿರುತ್ತದೆ. ‘ಇಷ್ಟೆಲ್ಲ ಯಾರಿಗೆ ಬೇಕು, ನಾವೇ ಬರೆಯೋಣ’ ಎಂದು ಮಕ್ಕಳು ತೀರ್ಮಾನಿಸಿದರು. ಕೋಲಾಟದ ಧಾಟಿ, ನಾಲ್ಕು ನುಡಿ. ಪ್ರಾಸ ತಿದ್ದಿಕೊಟ್ಟವರು ಅದೇ ಟೀಚರು.

ಆ ಪುಟ್ಟ ಪರದೆಯಲ್ಲಿ ನೋಡಿದೆ. ಕೆರೆಯ ಆಚೆ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಲಂಗ ದಾವಣಿ ತೊಟ್ಟು ನಿಂತಿದ್ದಾಳೆ. ಹಾಡು ಬರುತ್ತಿದೆ. ಕಂಠ ಕೇಳಿ ಒಂದು ಕ್ಷಣ ಬೆರಗಾದೆ, ಅಷ್ಟು ಸ್ವಚ್ಛ. ಆದರೆ ಮಕ್ಕಳು ಹೇಳಿದ್ದು ನಿಜ. ತುಟಿ ಹಾಡಿಗಿಂತ ಕೊಂಚ ಹಿಂದೆ ಬೀಳುತ್ತಿತ್ತು. ಹಾಡಿನ ಮೊದಲಲ್ಲಿ ಎಷ್ಟು ಹಿಂದೋ ಕೊನೆಯಲ್ಲೂ ಅಷ್ಟೇ ಹಿಂದೆ.

‘ಹಾಡು ಹಾಕಿದ ಸ್ಪೀಕರು ಎಲ್ಲಿತ್ತು?’

‘ನಮ್ಮ ಹತ್ತಿರ ಸಾರ್, ಈ ದಡದಲ್ಲಿ. ಕ್ಯಾಮೆರಾ ಪಕ್ಕದಲ್ಲೇ.’

ನನಗೆ ನಗು ಬಂತು. ಎಂಟನೆಯ ತರಗತಿಯಲ್ಲಿ ಇದೇ ಮಕ್ಕಳಿಗೆ ಮಿಂಚು ಮೊದಲು ಕಂಡು ಗುಡುಗು ಆಮೇಲೆ ಕೇಳುವುದೇಕೆಂದು ಬೋರ್ಡಿನ ಮೇಲೆ ಬರೆದಿದ್ದೆ. ಐದೂ ಜನ ಅದನ್ನು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದರು. ಕೆರೆಯ ದಂಡೆಯ ಮೇಲೆ ಅದು ಯಾರಿಗೂ ನೆನಪಾಗಿರಲಿಲ್ಲ. ತಪ್ಪು ಅವರದಲ್ಲ. ಉತ್ತರಪತ್ರಿಕೆಯಲ್ಲಿ ಬರೆದದ್ದು ಊರ ಕೆರೆಗೂ ಅನ್ವಯಿಸುತ್ತದೆಂದು ನಾನು ಹೇಳಿಕೊಟ್ಟಿರಲಿಲ್ಲ.

ಮರುದಿನ ಸಂಜೆ ಡ್ರಿಲ್ ಮೇಷ್ಟ್ರ ಹತ್ತಿರ ಅಳತೆಯ ಟೇಪು ಎರವಲು ತೆಗೆದುಕೊಂಡು ಎಲ್ಲರೂ ಕೆರೆ ಏರಿಗೆ ಹೋದೆವು. ಕ್ಯಾಮೆರಾ ಇಟ್ಟಿದ್ದ ಜಾಗದಿಂದ ಮೆಟ್ಟಿಲಿನವರೆಗೆ ಹೆಚ್ಚುಕಡಿಮೆ 60 ಮೀಟರು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಅಂದರೆ ಈ ದಡದ ಹಾಡು ಆ ದಡದ ಹುಡುಗಿಯ ಕಿವಿಗೆ ಮುಟ್ಟಲು 0.18 ಸೆಕೆಂಡು ಬೇಕು. ಅವಳು ಕೇಳಿದ ಮೇಲೆ ತಾನೇ ತುಟಿ ಆಡಿಸುವುದು? ಆ ತುಟಿಯ ಬೆಳಕು ಹಿಂದಿರುಗಿ ಕ್ಯಾಮೆರಾಕ್ಕೆ ಬರಲು ಹೊತ್ತೇ ಬೇಕಿಲ್ಲ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆ ಮೊಬೈಲು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. 30ನ್ನು 0.18ರಿಂದ ಗುಣಿಸಿದರೆ 5ಕ್ಕಿಂತ ತುಸು ಹೆಚ್ಚು. ‘ಚಿತ್ರವನ್ನು ಐದು ಚೌಕಟ್ಟು ಮುಂದಕ್ಕೆ ಎಳಿ’ ಎಂದೆ. ಮೊಬೈಲಿನ ಹುಡುಗ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಳೆದ. ತುಟಿಯೂ ಹಾಡೂ ಬಂದು ಕೂಡಿಕೊಂಡವು. ಐದೂ ಜನ ಕೂಗಿದ ಕೂಗಿಗೆ ಕೆರೆಯ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಮೂವತ್ತು ವರ್ಷ ಪಾಠ ಮಾಡಿದ್ದರಲ್ಲಿ ಒಂದು ಭಾಗಾಕಾರಕ್ಕೆ ಅಂಥ ಜಯಕಾರ ನನಗೆ ಸಿಕ್ಕಿದ್ದಿಲ್ಲ.

ಉಬ್ಬಿಹೋದ ನಾನು ಅಲ್ಲಿಯೇ ಇನ್ನಷ್ಟು ಪಾಠ ಮಾಡಿದೆ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರಲ್ಲಿ, ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡವು. ಆಗ ನಟರು ಕ್ಯಾಮೆರಾದ ಮುಂದೆ ನಿಂತು ತಾವೇ ಹಾಡಬೇಕಿತ್ತು. ವಾದ್ಯದವರು ಚಿತ್ರದಲ್ಲಿ ಬೀಳದಂತೆ ಮರೆಯಲ್ಲಿ ಕೂತು ನುಡಿಸಬೇಕಿತ್ತು. 1935ರಲ್ಲಿ ನಿತಿನ್ ಬೋಸ್ ಅವರ ಬಂಗಾಳಿ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪ ‘ಧೂಪ್ ಛಾಂವ್’ ಬಂದ ಮೇಲೆ, ಮೊದಲು ಹಾಡು ಮುದ್ರಿಸಿಕೊಂಡು ಆಮೇಲೆ ಅದಕ್ಕೆ ತುಟಿಯಾಡಿಸುವ ಹಿನ್ನೆಲೆ ಗಾಯನದ ಪದ್ಧತಿ ಬೇರೂರಿತು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ, ನಾನಾ ಭಾಷೆಗಳನ್ನು ಒಂದೇ ರಾಗದಲ್ಲಿ ಪೋಣಿಸಿದ ಐಕ್ಯದ ಹಾಡು ನನ್ನ ಓರಗೆಯವರಿಗೆಲ್ಲ ನೆನಪಿದೆ. ಅದರಲ್ಲಿ ನಮ್ಮ ಗದಗ ಸೀಮೆಯ ಪಂಡಿತ ಭೀಮಸೇನ ಜೋಶಿಯವರು ಜಲಪಾತದೆದುರು ನಿಂತು ಹಾಡುತ್ತಾರೆ. ಅಷ್ಟು ಭೋರ್ಗರೆಯುವ ನೀರಿನ ಮುಂದೆ ಅಷ್ಟು ಶುದ್ಧವಾದ ದನಿ ಹೇಗೆ ಬಂತೆಂದು ಹುಡುಗರಾಗಿದ್ದಾಗ ನಾವು ವಾದ ಮಾಡುತ್ತಿದ್ದೆವು. ಉತ್ತರ ಇದೇ: ಹಾಡು ಮೊದಲು, ಜಲಪಾತ ಆಮೇಲೆ.

ಇಷ್ಟು ಹೇಳಿ ಮುಗಿಸಿ, ಸುಮ್ಮನೆ ಕೇಳುವಂತೆ ಕೇಳಿದೆ. ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿಯ ಕಡೆ ತಿರುಗಿ, ‘ಎಷ್ಟು ಚೆನ್ನಾಗಿ ಹಾಡಿದ್ದೀಯಮ್ಮ! ಯಾರ ಹತ್ತಿರ ಕಲಿತೆ?’ ಎಂದೆ.

‘ನಾನಲ್ಲ ಸಾರ್, ಹಾಡಿದ್ದು ಅವಳು’ ಎಂದು ಅವಳು ಬೆರಳು ತೋರಿಸಿದಳು. ಮೊಬೈಲಿನ ಪರದೆಗೆ ಬಿಸಿಲು ಬೀಳಬಾರದೆಂದು ಛತ್ರಿ ಹಿಡಿದು ನಿಂತಿದ್ದ ಇನ್ನೊಬ್ಬ ಹುಡುಗಿ ತಲೆ ತಗ್ಗಿಸಿದಳು. ವೀಡಿಯೊದಲ್ಲಿ ಒಂದೇ ಒಂದು ಕಡೆ ಅವಳ ಛತ್ರಿಯ ನೆರಳು ಬಿದ್ದಿತ್ತು. ಅದನ್ನೂ ಕತ್ತರಿಸುವುದಿದೆ ಎಂದು ಹುಡುಗರು ಹೇಳಿದರು.

‘ಅವಳು ನಾಚಿಕೆಯವಳು ಸಾರ್. ಕ್ಯಾಮೆರಾ ಮುಂದೆ ನಿಲ್ಲೋಕೆ ಆಗೋದಿಲ್ಲ ಅವಳಿಗೆ.’

‘ಕೇಳಿದ್ರಾ ಅವಳನ್ನ?’

ಯಾರೂ ಮಾತಾಡಲಿಲ್ಲ. ನಾನೂ ಮುಂದೆ ಮಾತಾಡಲಾರದೆ, ಕತ್ತಲಾಯಿತು ನಡೆಯಿರಿ ಎಂದು ಎಲ್ಲರನ್ನೂ ಮನೆಗೆ ಕಳಿಸಿದೆ. ‘ಅವನಿಗೆ ಕ್ಯಾಮೆರಾ ಮುಂದೆ ನಿಲ್ಲೋಕೆ ಆಗೋದಿಲ್ಲ’ ಎಂಬ ಮಾತನ್ನು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ನಾನೇ ಒಮ್ಮೆ ಹೇಳಿದ್ದೆ.

ಅದು 1991. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ನಾಲ್ವರು. ಅವರಲ್ಲೊಬ್ಬ ನನ್ನ ಗೆಳೆಯ ಮಾತಾಡುವಾಗ ತೊದಲುತ್ತಿದ್ದ. ‘ಪ್ರೆಸೆಂಟ್ ಸಾರ್’ ಎನ್ನುವಷ್ಟರಲ್ಲಿ ಮುಂದಿನ ಇಬ್ಬರ ಹಾಜರಿ ಮುಗಿದಿರುತ್ತಿತ್ತು. ಆದರೆ ಹಾಡತೊಡಗಿದನೆಂದರೆ ಒಂದು ಅಕ್ಷರವೂ ತಡೆಯುತ್ತಿರಲಿಲ್ಲ. ತೊದಲುವವರಲ್ಲಿ ಹೆಚ್ಚಿನವರು ಹಾಡುವಾಗ ತೊದಲುವುದಿಲ್ಲವೆಂಬುದು ವಾಕ್ ಚಿಕಿತ್ಸಕರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ನಮಗೆ ಆಗ ಅದು ಗೊತ್ತಿರಲಿಲ್ಲ. ನಮ್ಮ ಕೋಣೆಗೊಂದು ರೇಡಿಯೊ ಇದ್ದಹಾಗೆ ಅವನು ಇದ್ದ, ಅಷ್ಟೇ.

ಕಾಲೇಜು ದಿನಾಚರಣೆಗೆ ಹೊಸದೇನಾದರೂ ಮಾಡಬೇಕೆಂದು ತಲೆಗೆ ಇಷ್ಟಿಷ್ಟು ಹಣ ಹಾಕಿ ಮದುವೆ ವೀಡಿಯೊ ತೆಗೆಯುವವರೊಬ್ಬರನ್ನು ಅರ್ಧ ದಿನಕ್ಕೆ ಗೊತ್ತು ಮಾಡಿದೆವು. ಹಾಡು ನಮ್ಮದೇ, ರಾಗ ಹಾಕಿದವನೂ ಹಾಡಿದವನೂ ಆ ಗೆಳೆಯ. ದನಿ ಗೋಡೆಗೆ ಬಡಿದು ಮರುದನಿ ಬರಬಾರದೆಂದು ಹಾಸ್ಟೆಲಿನ ಕಂಬಳಿಗಳನ್ನೆಲ್ಲ ಕಿಟಕಿಗೂ ಗೋಡೆಗೂ ತೂಗುಹಾಕಿ ಒಂದು ರಾತ್ರಿ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡೆವು. ಮೂರು ನಿಮಿಷದ ಹಾಡಿಗೆ ಬೆಳಗಿನ ಜಾವದವರೆಗೆ ಹಿಡಿಯಿತು. ಅಷ್ಟು ಹೊತ್ತೂ ಹಾಡಿದವನು ಅವನೊಬ್ಬನೇ.

ಚಿತ್ರ ತೆಗೆಯುವ ದಿನ ಬಂದಾಗ ಪರದೆಯ ಮೇಲೆ ಯಾರು ನಿಲ್ಲಬೇಕೆಂಬ ಪ್ರಶ್ನೆ ಎದ್ದಿತು. ಎದ್ದಿತು ಎಂದರೆ ಸುಳ್ಳಾಗುತ್ತದೆ, ಏಳಲೇ ಇಲ್ಲ. ‘ಅವನಿಗೆ ಕ್ಯಾಮೆರಾ ಮುಂದೆ ನಿಲ್ಲೋಕೆ ಆಗೋದಿಲ್ಲ’ ಎಂದು ನಾನು ಹೇಳಿದೆ. ಉಳಿದಿಬ್ಬರು ಹೌದು ಎಂದರು. ತುಂಗೆಯ ದಂಡೆಯ ಮಂಟಪದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತುಟಿಯಾಡಿಸಿದವನು ನಾನು. ಟೇಪ್ ರೆಕಾರ್ಡರನ್ನು ಎದೆಗೆ ಅವುಚಿಕೊಂಡು ಕ್ಯಾಮೆರಾದ ಹಿಂದೆ ಕೂತು ಗುಂಡಿ ಒತ್ತುತ್ತಿದ್ದವನು ಅವನು. ಮಾತಿನಲ್ಲಿ ಅವನು ತಡವರಿಸುತ್ತಿದ್ದ ಎಂಬ ನೆಪ ಹೇಳಿ, ಅವನು ತಡವರಿಸದ ಒಂದೇ ಒಂದು ಜಾಗದಿಂದ ಅವನನ್ನು ಹೊರಗಿಟ್ಟೆವು. ಈ ವಿಪರೀತ ಆಗ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ವೀಡಿಯೊದಲ್ಲೂ ತುಟಿ ತಪ್ಪಿತ್ತು. ಆದರೆ ಅದರ ಕಾರಣ ಬೇರೆ. ಮಧ್ಯಾಹ್ನದ ಹೊತ್ತಿಗೆ ಟೇಪ್ ರೆಕಾರ್ಡರಿನ ಶೆಲ್ಲುಗಳು ಸೋತಿದ್ದವು. ಶೆಲ್ಲು ಸೋತರೆ ಮೋಟಾರು ನಿಧಾನ, ಮೋಟಾರು ನಿಧಾನವಾದರೆ ಕ್ಯಾಸೆಟ್ಟಿನ ಹಾಡೂ ನಿಧಾನ, ಶ್ರುತಿಯೂ ಕೆಳಕ್ಕೆ. ನೂರಕ್ಕೆ 2ರಷ್ಟು ನಿಧಾನವಾದರೂ ಸಾಕು, 3 ನಿಮಿಷದ ಹಾಡು ಮುಗಿಯುವಾಗ ತುಟಿ 3.6 ಸೆಕೆಂಡು ಹಿಂದೆ ಬಿದ್ದಿರುತ್ತದೆ. ಈ ಮಕ್ಕಳ ತಪ್ಪು ಮೊದಲಿಂದ ಕೊನೆಯವರೆಗೆ ಒಂದೇ ಅಳತೆಯದು. ನಮ್ಮದು ಹೋಗುತ್ತ ಹೋಗುತ್ತ ಬೆಳೆದದ್ದು. ಎರಡು ವಿ.ಸಿ.ಆರ್.ಗಳಿಗೆ ವೈರು ಜೋಡಿಸಿ ಒಂದರಿಂದ ಒಂದಕ್ಕೆ ಪ್ರತಿ ಮಾಡುತ್ತ ಸಂಕಲನ ಮಾಡುತ್ತಿದ್ದ ಕಾಲ ಅದು. ತುಟಿ ತಪ್ಪಿದಲ್ಲೆಲ್ಲ ಆ ವೀಡಿಯೊದವರು ಹೊಳೆಯ ನೀರು, ಹೂವು, ಹಕ್ಕಿ ತುಂಬಿಸಿಕೊಟ್ಟರು. ಎರಡನೆಯ ನುಡಿಯಿಂದಾಚೆ ನಮ್ಮ ವೀಡಿಯೊದಲ್ಲಿ ನನಗಿಂತ ತುಂಗೆಯೇ ಹೆಚ್ಚಾಗಿದ್ದಳು.

ಆದರೂ ಕಾಲೇಜು ದಿನಾಚರಣೆಯ ದಿನ ಸಭಾಂಗಣದಲ್ಲಿ ಟಿ.ವಿ. ಇಟ್ಟು ತೋರಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಕೊನೆಯಲ್ಲಿ ಬಂದ ಅಕ್ಷರಗಳಲ್ಲಿ ‘ಹಾಡು: ಗೆಳೆಯರ ಬಳಗ’ ಎಂದಿತ್ತು. ನಮ್ಮ ಒಬ್ಬ ಉಪನ್ಯಾಸಕರು ಬಂದು ನನ್ನ ಬೆನ್ನು ತಟ್ಟಿ, ‘ನಿನ್ನೊಳಗೆ ಇಂಥ ಕಂಠ ಇದೆ ಅಂತ ಗೊತ್ತೇ ಇರಲಿಲ್ಲ ಕಣಯ್ಯಾ’ ಎಂದರು. ನಾನು ನಕ್ಕೆ. ‘ನನ್ನದಲ್ಲ ಸಾರ್’ ಎನ್ನಲು ಎರಡು ಪದ ಸಾಕಿತ್ತು. ಅವನು ನಾಲ್ಕು ಹೆಜ್ಜೆ ಆಚೆ ವಿ.ಸಿ.ಆರ್.ನ ವೈರು ಸುತ್ತಿಕೊಳ್ಳುತ್ತಿದ್ದ. ಕೇಳಿಸಿಕೊಂಡ. ತಲೆ ಎತ್ತಿ ನೋಡಿ, ಮತ್ತೆ ವೈರು ಸುತ್ತಿದ.

ಜಗಳವೇನೂ ಆಗಲಿಲ್ಲ. ಆದರೆ ಆ ದಿನದಿಂದ ನಮ್ಮ ಕೋಣೆಯಲ್ಲಿ ಹಾಡು ನಿಂತಿತು. ಪರೀಕ್ಷೆ ಹತ್ತಿರ ಬಂತು, ಓದುತ್ತಿದ್ದಾನೆ ಎಂದುಕೊಂಡೆವು. ಪರೀಕ್ಷೆ ಮುಗಿದು ಹಾಸಿಗೆ ಸುತ್ತಿಕೊಂಡು ನಮ್ಮ ನಮ್ಮ ಊರಿಗೆ ಹೋದೆವು. ಆಮೇಲೆ ಅವನನ್ನು ನಾನು ಕಂಡದ್ದು 2012ರಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ಊಟದ ಸಾಲಿನಲ್ಲಿ ನಿಂತಾಗ ಧೈರ್ಯ ಮಾಡಿ ಆ ಮಾತು ತೆಗೆದೆ. ಅವನು ಪದ ಪದ ಬಿಡಿಸಿ, ನಿಧಾನವಾಗಿ ಹೇಳಿದ: ‘ನಿಲ್ಲಿಸಲಿಲ್ಲ ಅಂತ ನನಗೇನೂ ಬೇಜಾರಿಲ್ಲ ಮಾರಾಯ. ಕೇಳಿದ್ದರೆ ನಾನೇ ಬೇಡ ಅಂತಿದ್ದೆನೋ ಏನೋ. ಕೇಳಲೇ ಇಲ್ಲವಲ್ಲ, ಅದು.’ ಈಗ ಹಾಡುತ್ತೀಯಾ ಎಂದೆ. ಇಲ್ಲ ಎಂದು ತಲೆಯಾಡಿಸಿದ.

ಇದನ್ನೆಲ್ಲ ಮಕ್ಕಳಿಗೆ ಹೇಳಬೇಕೇ ಬೇಡವೇ ಎಂದು ಒಂದು ರಾತ್ರಿ ಯೋಚಿಸಿದೆ. ಮೇಷ್ಟ್ರು ತಮ್ಮ ತಪ್ಪನ್ನು ಶಿಷ್ಯರ ಮುಂದೆ ಹೇಳಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಹೇಳಿದೆ. ಛತ್ರಿ ಹಿಡಿದ ಹುಡುಗಿ ಇಲ್ಲದಾಗ, ಉಳಿದ ನಾಲ್ವರಿಗೆ ಮಾತ್ರ. ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಿದೆ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ಗ್ರಾಮಾಫೋನು ತಟ್ಟೆಗಳ ಮೇಲೆ ಗಾಯಕಿಯ ಹೆಸರೇ ಇರಲಿಲ್ಲ. ಚಿತ್ರದಲ್ಲಿನ ಪಾತ್ರದ ಹೆಸರು, ‘ಕಾಮಿನಿ’ ಎಂದಿತ್ತು. ಕೇಳುಗರು ರೇಡಿಯೊಗೆ ಪತ್ರ ಬರೆದು ಯಾರಪ್ಪಾ ಈಕೆ ಎಂದು ಕೇಳಬೇಕಾಯಿತು. ಆಕೆ ಲತಾ ಮಂಗೇಶ್ಕರ್. 1954ರಲ್ಲಿ ಆರಂಭವಾದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯನಕ್ಕೆಂದು ಒಂದು ಪ್ರಶಸ್ತಿ ಸೇರಿದ್ದು 1959ರಲ್ಲಿ. ನಮ್ಮ ರಾಜ್‌ಕುಮಾರ್ ಅವರಿಗೆ ಎಷ್ಟೋ ವರ್ಷ ದನಿಯಾದವರು ಪಿ.ಬಿ. ಶ್ರೀನಿವಾಸ್, 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್ ಅವರೇ ತಮ್ಮ ಹಾಡುಗಳನ್ನು ಹಾಡತೊಡಗಿದರು. ಆದರೆ ಕನ್ನಡಿಗರು ಶ್ರೀನಿವಾಸರ ಹೆಸರನ್ನು ಮರೆತಿಲ್ಲ. ಒಬ್ಬರ ದನಿ, ಇನ್ನೊಬ್ಬರ ಮುಖ ಎನ್ನುವುದು ಮೋಸವೇನೂ ಅಲ್ಲ, ಅದೊಂದು ಕಲೆ. ಕೇಳಿ ಮಾಡಿದರೆ, ಹೆಸರು ಹೇಳಿ ಮಾಡಿದರೆ.

ಮಕ್ಕಳು ಹೋಗಿ ಅವಳನ್ನು ಕೇಳಿದರು. ‘ನಿಲ್ತೀಯಾ?’ ಅವಳು ಕೂಡಲೇ, ‘ಹೂಂ’ ಎಂದಳಂತೆ. ಅಷ್ಟು ದಿನ ಅದಕ್ಕಾಗಿಯೇ ಕಾದಿದ್ದಳೆಂದು ಆಮೇಲೆ ತಿಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಎರಡು ದಿನ ಬಿಟ್ಟು ಅವಳ ತಂದೆ ಶಾಲೆಗೆ ಬಂದರು. ಸರಕು ಸಾಗಿಸುವ ಆಟೋ ಓಡಿಸುವವರು, ಮಿತಭಾಷಿ. ‘ಮೇಷ್ಟ್ರೇ, ಶಾಲೆಯಲ್ಲಿ ಹಾಡಲಿ, ಕುಣೀಲಿ, ನಾನು ಬೇಡ ಅನ್ನೋದಿಲ್ಲ. ಆ ಯೂಟ್ಯೂಬಿಗೆ ಹಾಕ್ತಾರಂತೆ. ಅಲ್ಲಿ ಯಾರು ನೋಡ್ತಾರೆ, ಏನು ಬರೀತಾರೆ, ನನಗೆ ಗೊತ್ತಾಗೋದಿಲ್ಲ. ನನಗೆ ಗೊತ್ತಿಲ್ಲದ ಕಡೆ ಮಗಳನ್ನ ಹೇಗೆ ಕಳಿಸಲಿ?’

ನನ್ನ ಬಳಿ ಉತ್ತರ ಇರಲಿಲ್ಲ. ಹಿಂದುಳಿದ ಯೋಚನೆ ಎಂದು ತಳ್ಳಿಹಾಕುವ ಮಾತಲ್ಲ ಅದು. ಪೇಟೆಗೆ ಹೋಗುವ ಮಗಳನ್ನು ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುವ ತಂದೆ ಇದನ್ನು ಕೇಳಬಾರದೇ? ಒಮ್ಮೆ ಅಲ್ಲಿಗೆ ಹೋದ ಚಿತ್ರ ಯಾರ ಯಾರ ಮೊಬೈಲಿನಲ್ಲಿ ಉಳಿಯುತ್ತದೆಂದು ಹಾಕಿದವನಿಗೂ ತಿಳಿಯುವುದಿಲ್ಲ.

ಯೂಟ್ಯೂಬು ಬೇಡವೆಂದಾಗ ಮೊಬೈಲಿನ ಹುಡುಗ ಕುಸಿದುಹೋದ. ಎರಡು ತಿಂಗಳಿಂದ ಅಣ್ಣನನ್ನು ಕಾಡಿ ಬೇಡಿ, ರಾತ್ರಿ ಕೂತು ಚಿತ್ರ ಜೋಡಿಸಿದವನು ಅವನು. ಎಷ್ಟು ಜನ ನೋಡುತ್ತಾರೆಂದು ದಿನವೂ ಲೆಕ್ಕ ಹಾಕುತ್ತಿದ್ದ. ‘ವಾರ್ಷಿಕೋತ್ಸವದಲ್ಲಿ ಒಂದು ಸಲ ತೋರಿಸಿ ಮುಚ್ಚಿಡೋಕೆ ಇಷ್ಟು ಕಷ್ಟಪಟ್ಟೆನಾ ಸಾರ್?’ ಎಂದ. ಅವನ ದುಃಖವೂ ನ್ಯಾಯವಾದದ್ದೇ. ಎರಡು ದಿನ ಗುಂಪಿನಲ್ಲಿ ಮಾತಿಲ್ಲ, ಕಥೆಯಿಲ್ಲ. ಮೂರನೆಯ ದಿನ ಅವನೇ ಒಂದು ಉಪಾಯ ತಂದ. ಎರಡು ವೀಡಿಯೊ ಮಾಡುವುದು. ಶಾಲೆಗೆ ಹಾಡಿದವಳ ಮುಖವಿರುವುದು. ಯೂಟ್ಯೂಬಿಗೆ ಮೊದಲು ತೆಗೆದದ್ದು, ಕುಣಿಯುವ ಹುಡುಗಿಯ ಮುಖವಿರುವುದು. ಅವಳ ತಂದೆಯನ್ನು ಕೇಳಿದರು. ದನಿ ಮಾತ್ರವಾದರೆ ಆಗಬಹುದು ಎಂದರು. ಹಾಡಿದವಳೂ ಒಪ್ಪಿದಳು. ಕುಣಿಯುವ ಹುಡುಗಿಯ ಮನೆಯಲ್ಲಿ ಮೊದಲೇ ಒಪ್ಪಿಗೆಯಿತ್ತು. ಜಾಣ ಉಪಾಯ, ಎಲ್ಲರನ್ನೂ ಕೇಳಿ ಆಗಿದೆ, ಯಾರಿಗೂ ನಷ್ಟವಿಲ್ಲ ಎಂದು ನಾನೂ ತಲೆದೂಗಿದೆ.

ಒಪ್ಪದವಳು ಒಬ್ಬಳೇ. ಕುಣಿಯುವ ಹುಡುಗಿ.

‘ಅವಳ ಹಾಡಿಗೆ ಇನ್ನು ನಾನು ಬಾಯಾಡಿಸೋದಿಲ್ಲ. ನಮ್ಮ ಓಣಿಯವರೆಲ್ಲ ನೋಡಿ ಎಷ್ಟು ಚೆನ್ನಾಗಿ ಹಾಡ್ತೀಯಾ ಅಂತಾರೆ. ಒಬ್ಬೊಬ್ಬರಿಗೂ ನಾನಲ್ಲ, ನಾನಲ್ಲ ಅಂತ ಎಷ್ಟು ದಿನ ಹೇಳಲಿ? ಒಂದು ದಿನ ಸುಮ್ಮನಾಗಿಬಿಡ್ತೀನಿ.’

ಹದಿನಾಲ್ಕು ವರ್ಷದ ಹುಡುಗಿ. ಆ ಕೊನೆಯ ಮಾತು ಕೇಳಿ ನಾನು ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಸುಮ್ಮನೆ ತೆರೆದು ನೋಡತೊಡಗಿದೆ. ನನ್ನ ಕಥೆಯಲ್ಲಿ ತಪ್ಪು ಎಲ್ಲಿತ್ತೆಂದು ನನಗಿಂತ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ತುಟಿಯಾಡಿಸಿದ್ದಕ್ಕಿಂತ ಬೆನ್ನು ತಟ್ಟಿಸಿಕೊಂಡು ಸುಮ್ಮನಾದದ್ದು ದೊಡ್ಡ ತಪ್ಪು. ಅವಳು ಆ ಸುಮ್ಮನಾಗುವ ದಿನವನ್ನು ಮೊದಲೇ ಕಂಡು ಹಿಂದೆ ಸರಿದಳು. ಮೊಬೈಲಿನ ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, ‘ಸರಿ ಬಿಡು, ಒಂದೇ ಸಾಕು’ ಎಂದ. ನೂರಾರು ಜನ ನೋಡುವ ಆಸೆಯನ್ನು ಒಂದು ಮಾತಿಗೆ ಬಿಟ್ಟುಕೊಟ್ಟವನು ಅವನು. ಈ ಬರಹದಲ್ಲಿ ಅವನ ಪಾಲನ್ನು ಯಾರೂ ಕಡಿಮೆ ಎಣಿಸಬಾರದು.

ಮತ್ತೆ ಕೆರೆ ಏರಿ, ಮತ್ತೆ ಚಿತ್ರೀಕರಣ. ಈ ಬಾರಿ ಸ್ಪೀಕರನ್ನು ಮೆಟ್ಟಿಲ ಬಳಿ, ಹಾಡುವವಳ ಹತ್ತಿರವೇ ಮರೆಯಲ್ಲಿಟ್ಟರು. ಹಾಡಿನ ಮೊದಲಿಗೆ ಕೋಲಿನ ಮೂರು ಏಟು ಸೇರಿಸಿದರು. ಮೂರನೆಯ ಏಟಿಗೆ ಸರಿಯಾಗಿ ಅವಳು ಕ್ಯಾಮೆರಾಕ್ಕೆ ಕಾಣುವಂತೆ ಚಪ್ಪಾಳೆ ತಟ್ಟಬೇಕು. ಕೈ ಕೂಡುವ ಚಿತ್ರವನ್ನೂ ಮೂರನೆಯ ಏಟಿನ ಶಬ್ದವನ್ನೂ ಒಂದರ ಕೆಳಗೊಂದು ಹೊಂದಿಸಿದರೆ ದೂರ ಎಷ್ಟಿದ್ದರೂ ತುಟಿ ತಪ್ಪುವುದಿಲ್ಲ. ಸಿನಿಮಾದವರ ಹಲಗೆಯ ‘ಕ್ಲಾಪ್’ ಮಾಡುವ ಕೆಲಸವೂ ಇದೇ. ಕುಣಿಯುವ ಹುಡುಗಿ ಕೋಲು ಹಿಡಿದು ಸುತ್ತುವ ದೃಶ್ಯಕ್ಕೆ ಇನ್ನೊಂದು ಯುಕ್ತಿ ಮಾಡಿದೆವು. ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಸೆಕೆಂಡಿಗೆ 60 ಚಿತ್ರ ಹಿಡಿದು, ಆಮೇಲೆ ಸೆಕೆಂಡಿಗೆ 30ರಂತೆ ತೋರಿಸುವುದು. ಕುಣಿಯುವಾಗ ಎಲ್ಲರಿಗೂ ನಗುವೋ ನಗು. ಆದರೆ ಪರದೆಯ ಮೇಲೆ ಲಂಗದ ಅಂಚು ನೀರಿನಲ್ಲಿ ಬಿಚ್ಚಿಕೊಂಡಂತೆ ಬಿಚ್ಚಿಕೊಂಡಿತು, ಹೆಜ್ಜೆ ಮಾತ್ರ ತಾಳ ತಪ್ಪಲಿಲ್ಲ.

ವಾರ್ಷಿಕೋತ್ಸವದ ರಾತ್ರಿ ಷಾಮಿಯಾನದ ಕೆಳಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಲ್ಲಿ ತೋರಿಸಿದರು. ಮೊದಲ ಮುಖ ಹಾಡಿದವಳದು. ಕೊನೆಯಲ್ಲಿ ಐದು ಹೆಸರು, ಯಾರು ಯಾವ ಕೆಲಸ ಮಾಡಿದರೆಂಬುದರ ಸಮೇತ. ಛತ್ರಿ ಹಿಡಿದದ್ದಕ್ಕೂ ಒಂದು ಸಾಲು ಇತ್ತು. ಈ ಸಲ ಅದು ಮೊಬೈಲಿನ ಹುಡುಗನ ತಮ್ಮನ ಹೆಸರು. ಆಕೆಯ ತಂದೆ ಹಿಂದೆ ಕಂಬಕ್ಕೊರಗಿ ನಿಂತು ನೋಡಿದರು. ಏನೂ ಹೇಳದೆ ಹೋದರು. ಮರುದಿನ ಬೆಳಿಗ್ಗೆ ಆಟೋ ಗೇಟಿನ ಮುಂದೆ ನಿಲ್ಲಿಸಿ, ‘ಮೇಷ್ಟ್ರೇ, ಅದನ್ನ ನನ್ನ ಮೊಬೈಲಿಗೆ ಹಾಕಿಸಿಕೊಡಬಹುದಾ?’ ಎಂದರು.

ಈ ಬರಹದಲ್ಲಿ ನಾನು ಯಾವ ಮಕ್ಕಳ ಹೆಸರನ್ನೂ ಹಾಕಿಲ್ಲ. ಹೆಸರು ಹಾಕದ ತಪ್ಪಿನ ಬಗ್ಗೆ ಬರೆಯುತ್ತ ಹೆಸರು ಬಿಡುವುದು ವಿಚಿತ್ರವಾಗಿ ಕಂಡೀತು. ಆದರೆ ಈ ಸಲ ಅವರನ್ನೂ ಅವರ ಮನೆಯವರನ್ನೂ ಕೇಳಿಯೇ ಬಿಟ್ಟಿದ್ದೇನೆ.

ತಂದೆ ತಾಯಂದಿರಿಗೆ ಒಂದು ಮಾತು. ಪರೀಕ್ಷೆಯ ವರ್ಷಗಳಲ್ಲಿ ಇಂಥ ಹಾಡು ಕುಣಿತ ಬೇಕೇ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಶಬ್ದದ ವೇಗವನ್ನು ಆ ಐವರು ಇನ್ನು ಮರೆಯಲಾರರು ಎಂಬ ಉತ್ತರ ಸುಲಭದ್ದು. ಆದರೆ ನನ್ನ ಮಟ್ಟಿಗೆ ಅದು ಚಿಕ್ಕ ಲಾಭ. ಒಟ್ಟಿಗೆ ಒಂದು ಕೆಲಸ ಮಾಡುವಾಗ ಯಾರು ಮುಂದೆ ನಿಲ್ಲುತ್ತಾರೆ, ಯಾರು ಹಿಂದೆ ಉಳಿಯುತ್ತಾರೆ, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪಾಠಕ್ಕೆ ನಮ್ಮಲ್ಲಿ ಪಠ್ಯಪುಸ್ತಕವಿಲ್ಲ. ಅದನ್ನು ಗೆಳೆಯರ ನಡುವೆಯೇ ಕಲಿಯಬೇಕು. ಹದಿನಾಲ್ಕರಲ್ಲಿ ಕಲಿತರೆ ಅಗ್ಗ, ಐವತ್ತರಲ್ಲಿ ಕಲಿತರೆ ದುಬಾರಿ. ಮಗ ಅಥವಾ ಮಗಳು ಮೊಬೈಲು ಹಿಡಿದು ಏನೋ ಚಿತ್ರ ತೆಗೆಯುತ್ತಿದ್ದರೆ ಕಸಿದುಕೊಳ್ಳುವ ಮೊದಲು ಒಂದು ಗಳಿಗೆ ಕೂತು ನೋಡಿ. ಯಾರು ಹಾಡಿದ್ದು, ಯಾರು ತೆಗೆದದ್ದು, ಎಲ್ಲಿ ಹಾಕುತ್ತೀರಿ, ಚಿತ್ರದಲ್ಲಿ ಇರುವವರನ್ನೂ ಅವರ ಮನೆಯವರನ್ನೂ ಕೇಳಿದ್ದೀರಾ ಎಂದು ವಿಚಾರಿಸಿ. ಇನ್ನು, ಮನೆಯಲ್ಲಿ ತೊದಲುವ ಮಗುವಿದ್ದರೆ ಗದರಿಸಬೇಡಿ, ಅದರ ಮಾತನ್ನು ನೀವು ಮುಗಿಸಲು ಹೋಗಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕೆಲಸ ಮಾಡುತ್ತಿದೆ. ನನ್ನ ಗೆಳೆಯನಿಗಾಗಲಿ ನಮಗಾಗಲಿ ಅದನ್ನು ಯಾರೂ ಹೇಳಿರಲಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ಮಾತು ಇನ್ನೂ ಚಿಕ್ಕದು. ನಿಮ್ಮದಲ್ಲದ ಕೆಲಸಕ್ಕೆ ಯಾರಾದರೂ ಬೆನ್ನು ತಟ್ಟಿದರೆ ಆ ಕ್ಷಣದಲ್ಲೇ ‘ನನ್ನದಲ್ಲ’ ಎಂದುಬಿಡಿ. ಆ ಎರಡು ಪದ ಅಲ್ಲಿ ತಪ್ಪಿದರೆ, ನಮ್ಮ ಸೋತ ಶೆಲ್ಲಿನ ಟೇಪಿನ ಹಾಗೆ, ಅಂತರ ಹೋಗುತ್ತ ಹೋಗುತ್ತ ಬೆಳೆಯುತ್ತದೆ.

ವಾರ್ಷಿಕೋತ್ಸವ ಕಳೆದ ಭಾನುವಾರ ಆ ಹಳೆಯ ಗೆಳೆಯನಿಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ. 1991ರಲ್ಲಿ ಹೇಳಬೇಕಿದ್ದುದನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಮಾತು ತಡೆದಿದೆಯೋ ಅಥವಾ ಮಾತೇ ಇಲ್ಲವೋ ತಿಳಿಯಲಿಲ್ಲ. ನಾನು ಕಾದೆ.

ಕೊನೆಗೆ ಕೇಳಿದ: ‘ಆ ಹುಡುಗಿ ಈಗಲೂ ಹಾಡ್ತಾಳಾ?’

ಹಾಡುತ್ತಾಳೆ ಎಂದೆ.